ಕುದುರೆ ಕೆಲಸಕ್ಕೆ ಬಿಎಚ್‌ಎಸ್ ಸ್ಟೇಜ್ ಪರೀಕ್ಷೆಗಳು: ಸ್ಟೇಜ್ 1ರಿಂದ 3ರವರೆಗೆ ಮಾಡಿದವಳ ಅಭಿಪ್ರಾಯ

ನೇರವಾಗಿ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ ಕುದುರೆ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅನ್ನುವವರಿಗೆ ಬ್ರಿಟಿಷ್ ಹಾರ್ಸ್ ಸೊಸೈಟಿಯ (ಬಿಎಚ್‌ಎಸ್) ಸ್ಟೇಜ್ ಪರೀಕ್ಷೆಗಳಿಗೆ ಹಾಕಿದ ದುಡ್ಡು ದಂಡವಾಗುವುದಿಲ್ಲ. ಖರ್ಚಿದೆ, ಚಳಿ ಇದೆ, ಸೊಂಟ ನೋವಿದೆ. ಆದರೂ ಮಾಡಿ ಅಂತಲೇ ಹೇಳುತ್ತೇನೆ. ಒಂದೇ ಷರತ್ತು. ಯಾವ ಪರೀಕ್ಷೆ ಅನ್ನುವುದಕ್ಕಿಂತ ಯಾವ ಯಾರ್ಡ್‌ನಲ್ಲಿ, ಅಂದರೆ ಯಾವ ಕುದುರೆ ಲಾಯದಲ್ಲಿ, ಕಲಿಯುತ್ತೀರಿ ಅನ್ನುವುದು ಜಾಸ್ತಿ ಮುಖ್ಯ. ಇದನ್ನು ಬರೆಯಲು ಕೂತಿದ್ದೇ ಅದನ್ನು ಹೇಳುವುದಕ್ಕೆ, ಯಾಕಂದರೆ ಈ ಮಾತನ್ನು ನನಗೆ ಶುರುವಿನಲ್ಲಿ ಯಾರೂ ಹೇಳಲಿಲ್ಲ.

ನಾನು ತುಮಕೂರು ಕಡೆಯವಳು. ಬಿಕಾಂ ಓದಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಯಜಮಾನರ ಕೆಲಸದಿಂದಾಗಿ ಕೊವೆಂಟ್ರಿಗೆ ಬಂದೆವು. ಮಗಳನ್ನು ಸವಾರಿ ಕಲಿಯಲು ಕರೆದುಕೊಂಡು ಹೋಗುತ್ತಿದ್ದೆ, ಬೇಲಿ ಪಕ್ಕ ನಿಂತು ನೋಡುತ್ತಾ ನೋಡುತ್ತಾ ನನಗೇ ಆಸೆ ಹತ್ತಿತು. ಮೂವತ್ತು ದಾಟಿದ ಮೇಲೆ, ಚಿಕ್ಕಂದಿನಲ್ಲಿ ಕುದುರೆ ಮುಟ್ಟಿಯೂ ನೋಡದವಳು ಈ ಕೆಲಸಕ್ಕೆ ಬರಬಹುದಾ ಅನ್ನುವ ಪ್ರಶ್ನೆ ನಿಮಗೂ ಇದ್ದರೆ, ಬರಬಹುದು. ವಯಸ್ಸಿಗೆ ಮೇಲ್ಮಿತಿ ಇಲ್ಲ. ಊರಿನಲ್ಲಿ ಅಮ್ಮ ಮಾತ್ರ ಫೋನಿನಲ್ಲಿ "ಅಲ್ಲಾ ಕಣೇ, ಇಷ್ಟೆಲ್ಲ ಓದಿ ಲದ್ದಿ ಬಾಚೋಕೆ ಹೋಗ್ತೀಯಾ?" ಅಂತ ಕೇಳಿದರು. ಲದ್ದಿಯೂ ಬಾಚಬೇಕು ಅಮ್ಮ, ಅಲ್ಲಿಂದಲೇ ಶುರು ಅಂದೆ. ನಿಜವೂ ಅದೇ. ಲದ್ದಿ ಎಷ್ಟಿದೆ, ಗಟ್ಟಿಯೋ ಸಡಿಲವೋ, ರಾತ್ರಿ ಎಷ್ಟು ಸಲ ಹಾಕಿದೆ ಅಂತ ನೋಡಿದರೇ ಕುದುರೆಯ ಆರೋಗ್ಯ ಅರ್ಧ ಗೊತ್ತಾಗುತ್ತದೆ.

ಈ ಸೊಸೈಟಿ ಹುಟ್ಟಿದ್ದು 1947ರಲ್ಲಿ. ಕಚೇರಿ ವಾರಿಕ್‌ಶೈರ್‌ನ ಕೆನಿಲ್‌ವರ್ತ್ ಹತ್ತಿರ ಇದೆ, ನಮ್ಮ ಮನೆಯಿಂದ ದೂರವೇನಲ್ಲ. ಪರೀಕ್ಷೆಗಳು ಒಟ್ಟು 5 ಸ್ಟೇಜ್. ಸ್ಟೇಜ್ 1ರಲ್ಲಿ ಕುದುರೆ ಆರೈಕೆ ಒಂದು ಭಾಗ, ಸವಾರಿ ಇನ್ನೊಂದು. ಸ್ಟೇಜ್ 2ರಿಂದ ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ಹಾಕಿಸುವುದು, ಪಾಠ ಹೇಳಿಕೊಡುವುದು ಇವೂ ಸೇರುತ್ತವೆ. ಭಾಗಗಳನ್ನು ಬೇರೆ ಬೇರೆಯಾಗಿ ಕಟ್ಟಬಹುದು. ಇದು ನನ್ನಂಥವರಿಗೆ ದೊಡ್ಡ ಅನುಕೂಲ. ಕೈಯಲ್ಲಿ ದುಡ್ಡಿದ್ದಾಗ ಒಂದು ಭಾಗ, ಮಗಳ ಶಾಲೆ ರಜೆ ಮುಗಿದ ಮೇಲೆ ಇನ್ನೊಂದು ಭಾಗ. ಪಾಠ ಹೇಳುವುದು ಬೇಡ, ಲಾಯದ ಕೆಲಸ ಸಾಕು ಅನ್ನುವವರಿಗೆ ಗ್ರೂಮ್ (ಕುದುರೆ ನೋಡಿಕೊಳ್ಳುವವರು) ದಾರಿ ಇದೆ. ಹೇಳಿಕೊಡಬೇಕು ಅನ್ನುವವರಿಗೆ ಕೋಚ್ ದಾರಿ. ಸವಾರಿಯೇ ಬೇಕು ಅನ್ನುವವರಿಗೆ ಅದಕ್ಕೂ ಬೇರೆ ದಾರಿ ಇದೆ. ಸ್ಟೇಜ್ 5ರ ಮೇಲೆ ಫೆಲೋ ಅಂತ ಒಂದು ಮಟ್ಟ ಇದೆ, ಅಲ್ಲಿಗೆ ಹೋಗಿರುವವರು ಬಹಳ ಕಡಿಮೆ. ಹಳಬರು ಈಗಲೂ "ಎಐ ಮಾಡಿದ್ದೀಯಾ?" ಅಂತ ಕೇಳುತ್ತಾರೆ. ಎಐ ಅಂದರೆ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್, ಹಳೆಯ ಹೆಸರು. ಅವರು ಕೇಳುತ್ತಿರುವುದು ಈಗಿನ ಸ್ಟೇಜ್ 3ರ ಕೋಚ್ ಮಟ್ಟವನ್ನೇ.

ಸ್ಟೇಜ್ 1ರ ಆರೈಕೆ ಭಾಗ ಕಾಗದದ ಮೇಲೆ ಓದಿದರೆ ಬಹಳ ಸುಲಭ ಅನ್ನಿಸುತ್ತದೆ. ಹೆಡ್‌ಕಾಲರ್ (ತಲೆಗೆ ಹಾಕುವ ಪಟ್ಟಿ) ಹಾಕಿ ಕುದುರೆ ಕಟ್ಟು. ಮೈ ಉಜ್ಜು. ಗೊರಸು ಸ್ವಚ್ಛ ಮಾಡು. ಜೀನು, ಲಗಾಮು ಹಾಕು. ಹುಲ್ಲಿನ ಬಲೆ ತುಂಬಿ ಕಟ್ಟು. ಲಾಯ ಗುಡಿಸು. ಆದರೆ ಪರೀಕ್ಷಕರು ನೋಡುವುದು ಕೆಲಸ ಮುಗಿಯಿತಾ ಅಂತಲ್ಲ. ಹಿಂಗಾಲಿನ ಹತ್ತಿರ ಹೋಗುವಾಗ ನಿಮ್ಮ ಪಾದ ಎಲ್ಲಿದೆ, ಕೆಳಗೆ ಬಗ್ಗಿದಾಗ ಮಂಡಿ ಊರಿದಿರಾ, ಹಗ್ಗವನ್ನು ಕೈಗೆ ಸುತ್ತಿಕೊಂಡಿರಾ, ಕುದುರೆ ಕಿವಿ ಹಿಂದಕ್ಕೆ ಮಡಚಿದ್ದು ನಿಮಗೆ ಕಾಣಿಸಿತಾ, ಇದೆಲ್ಲ ನೋಡುತ್ತಾರೆ. ಆಮೇಲೆ ಯಾಕೆ ಅಂತ ಕೇಳುತ್ತಾರೆ. ಹಗ್ಗವನ್ನು ಕಬ್ಬಿಣದ ಬಳೆಗೆ ನೇರವಾಗಿ ಕಟ್ಟದೆ ನಡುವೆ ತೆಳ್ಳನೆ ದಾರದ ಕುಣಿಕೆ ಹಾಕುವುದು ಯಾಕೆ? ಕುದುರೆ ಹೆದರಿ ಹಿಂದಕ್ಕೆ ಜಗ್ಗಿದರೆ ದಾರ ಹರಿಯಬೇಕು, ಕುದುರೆಯ ಕತ್ತು ಮುರಿಯಬಾರದು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಯಾಕೆ? ಅದೂ ಅದಕ್ಕೇ. ಇಂಥ ಒಂದೊಂದು ಸಣ್ಣ ವಿಷಯದ ಹಿಂದೆಯೂ ಯಾರೋ ಒಬ್ಬರ ಮುರಿದ ಕೈಯೋ, ಯಾವುದೋ ಕುದುರೆಯ ಗಾಯವೋ ಇದೆ ಅಂತ ಅರ್ಥವಾದ ಮೇಲೆ ನನಗೆ ಈ ಪಠ್ಯದ ಮೇಲೆ ಗೌರವ ಜಾಸ್ತಿಯಾಯಿತು.

ಮೇವಿನ ಪಾಠ ನನಗೆ ಅತಿ ಇಷ್ಟವಾದದ್ದು. ಇಷ್ಟು ದೊಡ್ಡ ಪ್ರಾಣಿಗೆ ಹೊಟ್ಟೆಯ ಚೀಲ ಸಣ್ಣದು. ಅದಕ್ಕೆ ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಿಸಬೇಕು. ಹುಲ್ಲು ಜೀರ್ಣವಾಗುವುದು ಬಹುಪಾಲು ಹಿಂದಿನ ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಮೇವನ್ನು ದಿಢೀರ್ ಬದಲಿಸಿದರೆ ಅವು ಕೆಡುತ್ತವೆ, ಕುದುರೆಯೂ ಕೆಡುತ್ತದೆ. ಅಂದಾಜಿಗೆ 500 ಕೆಜಿ ತೂಗುವ ಕುದುರೆಗೆ ದಿನಕ್ಕೆ ಒಟ್ಟು 10 ಕೆಜಿ ಮೇವು. ಆ ಹುಲ್ಲಿನ ಬಲೆಯನ್ನು ತಕ್ಕಡಿಗೆ ನೇತುಹಾಕಿ ತೂಗಲೇಬೇಕು, ಕಣ್ಣಳತೆ ನಡೆಯುವುದಿಲ್ಲ. ಇಲ್ಲಿ ಓಟ್ಸ್, ನೆನೆಸಿದ ಸಕ್ಕರೆ ಬೀಟ್ ತಿರುಳು, ಕತ್ತರಿಸಿದ ಹುಲ್ಲು ಕೊಡುತ್ತಾರೆ. ನಮ್ಮ ಕಡೆ ಹುರಳಿ ಬೇಯಿಸಿ ಕೊಡುತ್ತಾರೆ ಅಂದಾಗ ಯಾರ್ಡ್‌ನ ಹಿರಿಯರೊಬ್ಬರು ಕುತೂಹಲದಿಂದ ಅದರ ಪ್ರೋಟೀನ್ ಲೆಕ್ಕವೆಲ್ಲ ಕೇಳಿ ಬರೆದುಕೊಂಡರು.

ಹುಲ್ಲುಗಾವಲಿನ ಬಗ್ಗೆಯೂ ಇದೆ. ರ‍್ಯಾಗ್‌ವರ್ಟ್ ಅಂತ ಹಳದಿ ಹೂವಿನ ಗಿಡ, ತಿಂದರೆ ಲಿವರ್ ನಿಧಾನಕ್ಕೆ ಹಾಳಾಗುತ್ತದೆ. ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಒಣಗಿದ ಹುಲ್ಲಿನಲ್ಲಿ ಸೇರಿದ್ದರೆ ಇನ್ನೂ ಅಪಾಯ, ಕುದುರೆಗೆ ಅದರ ಕಹಿ ಗೊತ್ತಾಗುವುದಿಲ್ಲ.

ಸ್ಟೇಜ್ 2ಕ್ಕೆ ಬಂದಾಗ ಕುದುರೆಯ ಜ್ವರ, ನಾಡಿ, ಉಸಿರು ನೋಡುವುದು ಕಲಿತೆ. ದೇಹದ ಬಿಸಿ 37.5ರಿಂದ 38.5 ಡಿಗ್ರಿ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಈ ಅಂಕಿಗಳು ಯಾವ ಪುಸ್ತಕದಲ್ಲೂ ಸಿಗುತ್ತವೆ. ಪರೀಕ್ಷೆಗಾಗಿ ದಿನಾ ಬೆಳಿಗ್ಗೆ ದವಡೆಯ ಕೆಳಗೆ ಬೆರಳಿಟ್ಟು ಹುಡುಕಿ ಹುಡುಕಿ ಆ ಜಾಗ ಬೆರಳಿಗೆ ಗುರುತಾಗಿಬಿಟ್ಟಿತ್ತಲ್ಲ, ಅದು ಬೇರೆ. ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಯಾರ್ಡ್‌ನ ಕಂದು ಕುದುರೆಯೊಂದು ರಾತ್ರಿಯ ಹುಲ್ಲು ಹಾಗೇ ಬಿಟ್ಟಿತ್ತು. ಲದ್ದಿ ಬಹಳ ಕಡಿಮೆ. ಮುಂಗಾಲಿನಿಂದ ನೆಲ ಕೆರೆಯುತ್ತಾ ಮತ್ತೆ ಮತ್ತೆ ತನ್ನ ಪಕ್ಕೆ ಕಡೆ ತಿರುಗಿ ನೋಡುತ್ತಿತ್ತು. ನಾಡಿ ನೋಡಿದೆ, 60ರ ಹತ್ತಿರ. ಬಲಪಕ್ಕೆಗೆ ಕಿವಿ ಇಟ್ಟರೆ ಯಾವಾಗಲೂ ಕೇಳುವ ಗುಡುಗುಡು ಸದ್ದೇ ಇಲ್ಲ. ಹೊಟ್ಟೆನೋವು, ಇಲ್ಲಿನವರ ಬಾಯಲ್ಲಿ ಕಾಲಿಕ್. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಸಿಕ್ಕಿಕೊಂಡಿದ್ದು ಮೇಲಕ್ಕೆ ಬರುವುದಿಲ್ಲ. ಹಾಗಾಗಿ ಕಾಲಿಕ್ ಅಂದರೆ ಕಾದು ನೋಡುವ ಮಾತಿಲ್ಲ. ಲಾಯದಲ್ಲಿದ್ದ ಮೇವೆಲ್ಲ ತೆಗೆದು ವೆಟ್‌ಗೆ (ಪಶುವೈದ್ಯರಿಗೆ) ಫೋನ್ ಮಾಡಿ ಅಂಕಿಗಳನ್ನು ಹೇಳಿದೆ. ಅವರು ಒಂದು ಮಾತೂ ಹೆಚ್ಚು ಕೇಳಲಿಲ್ಲ, "ಹೊರಟೆ" ಅಂದರು. ಕುದುರೆ ಉಳಿಯಿತು. "ಯಾಕೋ ಹುಷಾರಿಲ್ಲ ಅನ್ನಿಸುತ್ತೆ" ಅನ್ನುವುದಕ್ಕೂ, ನಾಡಿ ಇಷ್ಟು, ವಸಡಿನ ಬಣ್ಣ ಹೀಗಿದೆ, ಕರುಳಿನ ಸದ್ದಿಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸವೇ ಈ ತರಬೇತಿಯಿಂದ ನನಗೆ ಸಿಕ್ಕ ದೊಡ್ಡ ಲಾಭ.

ಸವಾರಿ ಪರೀಕ್ಷೆಯ ವಿಷಯ. ಅಲ್ಲಿ ನಿಮಗೆ ಕೊಡುವುದು ಆ ಕೇಂದ್ರದ ಕುದುರೆಗಳನ್ನು, ನೀವು ಹಿಂದೆ ಹತ್ತಿಯೇ ಇರದ ಕುದುರೆಗಳನ್ನು. ಒಂದೇ ಕುದುರೆ ಮೇಲೆ ವರ್ಷಗಟ್ಟಲೆ ಕಲಿತವರಿಗೆ ಇದು ಕಷ್ಟ. ಒಂದು ಸೋಮಾರಿ, ಇನ್ನೊಂದು ಕಾಲು ತಗುಲಿದರೆ ಸಾಕು ಓಡುವಂಥದ್ದು. ಹಾಗಾಗಿ ಪಾಠಕ್ಕೆ ಹೋಗುವಾಗ ದಯವಿಟ್ಟು ಬೇರೆ ಬೇರೆ ಕುದುರೆ ಕೊಡಿ ಅಂತ ಕೇಳಿ, ಸಂಕೋಚ ಬೇಡ. ರಿಕಾಪು (ಜೀನಿನಿಂದ ಇಳಿಬಿದ್ದ, ಪಾದ ಇಡುವ ಬಳೆ) ಬಿಟ್ಟು ಕೂರುವ ಅಭ್ಯಾಸ ಎಷ್ಟು ಮಾಡಿದರೂ ಕಡಿಮೆಯೇ. ದೊಡ್ಡವರಾದ ಮೇಲೆ ಕಲಿಯುವವರಿಗೆ ತೊಡೆ, ಸೊಂಟ ಬಿಗಿಯಾಗಿರುತ್ತದೆ, ಸಡಿಲವಾಗಲು ತಿಂಗಳುಗಟ್ಟಲೆ ಬೇಕು. ಕೊವೆಂಟ್ರಿ ಕಡೆ ಒಂದು ಗಂಟೆಯ ಪಾಠಕ್ಕೆ 40 ಪೌಂಡ್ ದಾಟುತ್ತದೆ. ಹೆಲ್ಮೆಟ್, ಎದೆಗವಚ, ಬೂಟು ಬೇರೆ ಖರ್ಚು. ಹೆಲ್ಮೆಟ್ ಮಾತ್ರ ಹಳೆಯದು ಕೊಳ್ಳಬೇಡಿ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಕೆಲಸಕ್ಕೆ ಬರುವುದಿಲ್ಲ.

ರಸ್ತೆ ಮೇಲೆ ಕುದುರೆ ಓಡಿಸುವ ಬಗ್ಗೆ ರೈಡ್ ಸೇಫ್ ಅಂತ ಬೇರೆ ಪರೀಕ್ಷೆ ಇದೆ. ಇದನ್ನು ಬೇಗ ಮುಗಿಸಿಕೊಳ್ಳಿ. 2022ರ ಜನವರಿಯಿಂದ ಇಲ್ಲಿನ ಹೈವೇ ಕೋಡ್ (ರಸ್ತೆ ನಿಯಮಗಳ ಪುಸ್ತಕ) ಬದಲಾಗಿದೆ. ಕುದುರೆಯನ್ನು ದಾಟಿ ಹೋಗುವ ಕಾರು ಗಂಟೆಗೆ 10 ಮೈಲಿಗಿಂತ ವೇಗ ಹೋಗಬಾರದು, ಕನಿಷ್ಠ 2 ಮೀಟರ್ ಜಾಗ ಬಿಡಬೇಕು. ಇದನ್ನು ನಾನು ಕಾರು ಓಡಿಸುವ ಎಲ್ಲ ಕನ್ನಡದವರಿಗೂ ಹೇಳುತ್ತಿರುತ್ತೇನೆ. ದಯವಿಟ್ಟು ಹಾರ್ನ್ ಮಾಡಬೇಡಿ.

ಈಗ ಯಾರ್ಡ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ವರ್ಕಿಂಗ್ ಪ್ಯೂಪಿಲ್ ಅಂತ ಹಳೆಯ ಪದ್ಧತಿ ಇದೆ. ನೀವು ಲಾಯದ ಕೆಲಸ ಮಾಡುತ್ತೀರಿ, ಅವರು ಪಾಠ ಹೇಳಿ ಪರೀಕ್ಷೆಗೆ ತಯಾರು ಮಾಡುತ್ತಾರೆ. ಒಳ್ಳೆಯ ಕಡೆ ಇದು ಚಿನ್ನದಂಥ ಅವಕಾಶ. ಕೆಟ್ಟ ಕಡೆ ಶುದ್ಧ ಜೀತ. ನಾನು ಮೊದಲು ಸೇರಿದ್ದ ಕಡೆ (ಹೆಸರು ಬೇಡ) ಬೆಳಿಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಕತ್ತಲಲ್ಲಿ ಬರುತ್ತಿದ್ದೆ. ಪಾಠ ಮಾತ್ರ "ನಾಳೆ ನೋಡೋಣ", "ಈ ವಾರ ಶೋ ಇದೆ", "ಮಳೆ ನಿಲ್ಲಲಿ". ಬರವಣಿಗೆಯಲ್ಲಿ ಒಂದು ಒಪ್ಪಂದ ಇಲ್ಲ. ನನ್ನ ಜೊತೆಗಿದ್ದ ಹದಿನೇಳರ ಹುಡುಗಿಯೊಬ್ಬಳು ಕುದುರೆ ಮೇಲಿನ ಪ್ರೀತಿಗೆ ಎಲ್ಲವನ್ನೂ ನುಂಗಿಕೊಂಡು ದುಡಿಯುತ್ತಿದ್ದಳು. ಅದನ್ನು ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಪ್ರೀತಿ ಇದೆ ಅಂತ ಸಂಬಳ ಕೊಡದೆ ಇರಬಹುದಾ? ಕಾನೂನು ಹಾಗೆ ಹೇಳುವುದಿಲ್ಲ. ಲಾಯದಲ್ಲಿ ನೌಕರರಾಗಿ ದುಡಿಯುವವರಿಗೂ ಕನಿಷ್ಠ ಕೂಲಿ ಉಂಟು. 2025ರ ಏಪ್ರಿಲ್‌ನಲ್ಲಿ 21 ತುಂಬಿದವರಿಗೆ ಅದು ಗಂಟೆಗೆ 12.21 ಪೌಂಡ್ ಆಯಿತು. ಪಾಠ ಹೇಳುತ್ತೇವೆ, ನಿಮ್ಮ ಕುದುರೆ ಇಟ್ಟುಕೊಳ್ಳಲು ಜಾಗ ಕೊಡುತ್ತೇವೆ ಅಂತ ಅದರಲ್ಲಿ ಕಡಿತ ಮಾಡುವ ಹಾಗಿಲ್ಲ. ಗ್ರೂಮ್‌ಗಳ ಪರವಾಗಿ ಬ್ರಿಟಿಷ್ ಗ್ರೂಮ್ಸ್ ಅಸೋಸಿಯೇಷನ್ ಅಂತ ಒಂದು ಸಂಘ ಇದೆ, ಕೆಲಸಕ್ಕೆ ಸೇರುವ ಮೊದಲು ಅವರು ಬರೆದಿರುವುದನ್ನು ಓದಿ.

ಎರಡನೆಯ ಯಾರ್ಡ್‌ನಲ್ಲಿ ಎಲ್ಲ ಬೇರೆ. ಮೊದಲ ದಿನವೇ ಒಪ್ಪಂದದ ಕಾಗದ, ಕೆಲಸದ ಗಂಟೆ, ಪಾಠದ ವೇಳೆ. ಅಲ್ಲಿನ ಮೇಲ್ವಿಚಾರಕಿ ಎಷ್ಟೇ ಕೆಲಸವಿದ್ದರೂ ಪ್ರಶ್ನೆಗೆ ನಿಂತು ಉತ್ತರ ಕೊಡುತ್ತಿದ್ದರು. ವೆಟ್ ಬಂದರೆ, ಲಾಳ ಹೊಡೆಯುವವರು ಬಂದರೆ "ನೀನೇ ಕುದುರೆ ಹಿಡಿ, ಹತ್ತಿರದಿಂದ ನೋಡು" ಅನ್ನುತ್ತಿದ್ದರು. ಸ್ಟೇಜ್ 3ರಲ್ಲಿ ಬೇಕಾದ ಲಾಳದ ವಿಷಯ, ಕುಂಟು ಗುರುತಿಸುವುದು, ಜೀನು ಸರಿಯಾಗಿ ಕೂತಿದೆಯಾ ಅಂತ ನೋಡುವುದು ಇವನ್ನೆಲ್ಲ ನಾನು ಕಲಿತದ್ದು ಹಾಗೆ ಕುದುರೆ ಹಿಡಿದು ನಿಂತೇ. ಅದೇ ಪರೀಕ್ಷೆ, ಅದೇ ಪುಸ್ತಕ. ಮೊದಲ ಕಡೆಯೇ ಉಳಿದಿದ್ದರೆ ಬಹುಶಃ ಇದನ್ನೆಲ್ಲ ಬಿಟ್ಟು ಮತ್ತೆ ಲೆಕ್ಕಪತ್ರಕ್ಕೆ ಹೋಗುತ್ತಿದ್ದೆ.

ಹಾಗಾದರೆ ಯಾರ್ಡ್ ಹೇಗೆ ನೋಡುವುದು? ಸುಮ್ನೆ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ಕುದುರೆಗಳು ಬಾಗಿಲಿಗೆ ಬಂದು ಮೂಗು ಚಾಚುತ್ತವೆಯಾ, ಮೂಲೆ ಹಿಡಿದು ನಿಲ್ಲುತ್ತವೆಯಾ ನೋಡಿ. ನೀರಿನ ಬಕೆಟ್ ಒಳಗೆ ಇಣುಕಿ. ಹಿಂದಿನ ವರ್ಷ ಇಲ್ಲಿಂದ ಯಾರು ಯಾವ ಸ್ಟೇಜ್ ಪಾಸಾದರು ಅಂತ ಕೇಳಿ. ಈಗ ಕೆಲಸ ಮಾಡುತ್ತಿರುವ ಹುಡುಗ ಹುಡುಗಿಯರ ಹತ್ತಿರ ಟೀ ಹೊತ್ತಿನಲ್ಲಿ ಮಾತಾಡಿ, ಮಾಲೀಕರ ಎದುರಿಗೆ ಬೇಡ. ಸೊಸೈಟಿಯ ಮಾನ್ಯತೆ ಪಡೆದ ಕೇಂದ್ರಗಳ ಪಟ್ಟಿ ಸಿಗುತ್ತದೆ, ಅಲ್ಲಿಂದ ಶುರು ಮಾಡಿ. ಆದರೆ ಗೋಡೆ ಮೇಲಿನ ಫಲಕ ನೋಡಿ ದುಡ್ಡು ಕಟ್ಟಬೇಡಿ.

ಚಿಕ್ಕ ವಯಸ್ಸಿನವರಿಗೆ ಬೇರೆ ದಾರಿಯೂ ಇದೆ. ಈಕ್ವೈನ್ ಗ್ರೂಮ್ ಅಂತ ಲೆವೆಲ್ 2 ಅಪ್ರೆಂಟಿಸ್‌ಶಿಪ್, ಅದರ ಮೇಲೆ ಸೀನಿಯರ್ ಈಕ್ವೈನ್ ಗ್ರೂಮ್ ಅಂತ ಲೆವೆಲ್ 3. ದುಡಿಯುತ್ತಾ ಕಲಿಯುವುದು, ಸಂಬಳ ಕಡಿಮೆ ಆದರೂ ಬರುತ್ತದೆ. ಲಾಳ ಹೊಡೆಯುವ ಕೆಲಸ ಬೇಕಿದ್ದರೆ ಅದು ಸಂಪೂರ್ಣ ಬೇರೆ. 1975ರ ಕಾಯ್ದೆ ಪ್ರಕಾರ ನೋಂದಾಯಿತ ಫ್ಯಾರಿಯರ್ ಅಲ್ಲದವರು ಇಲ್ಲಿ ಕುದುರೆಗೆ ಲಾಳ ಹೊಡೆಯುವಂತಿಲ್ಲ, ಸ್ವಂತ ಕುದುರೆಗೂ ಇಲ್ಲ. ಅದಕ್ಕೆ ವರ್ಷಗಟ್ಟಲೆ ಒಬ್ಬ ಫ್ಯಾರಿಯರ್ ಕೈಕೆಳಗೆ ಕಲಿಯಬೇಕು.

ಸ್ಟೇಜ್ 3 ಕೋಚ್ ಆದ ಮೇಲೆ ಪ್ರಥಮ ಚಿಕಿತ್ಸೆ, ಮಕ್ಕಳ ಸುರಕ್ಷತೆಯ ತರಬೇತಿ, ಪೊಲೀಸ್ ದಾಖಲೆ ತಪಾಸಣೆ ಮುಗಿಸಿದರೆ ಸೊಸೈಟಿಯ ವೃತ್ತಿಪರ ಕೋಚ್ ಪಟ್ಟಿಗೆ ಸೇರಬಹುದು, ವಿಮೆಯೂ ಅದರ ಜೊತೆ ಬರುತ್ತದೆ. ನಾನು ಈಗ ವಾರದ ಬಹುಪಾಲು ಲಾಯದಲ್ಲಿ, ಶನಿವಾರ ಭಾನುವಾರ ಮಕ್ಕಳ ಪಾಠದಲ್ಲಿ ಇರುತ್ತೇನೆ. ಪಾಠ ಹೇಳುವ ಭಾಗದಲ್ಲಿ ನನಗೆ ಭಯ ಇದ್ದದ್ದು ನನ್ನ ಇಂಗ್ಲಿಷ್ ಉಚ್ಚಾರಣೆ ಬಗ್ಗೆ. ಯಾರೂ ಅದನ್ನು ಎತ್ತಲಿಲ್ಲ. ಮಗು ಹೆದರಿದ್ದು ನಿಮಗೆ ಗೊತ್ತಾಯಿತಾ, ಕುದುರೆಗಳ ನಡುವೆ ಅಂತರ ಕಾಯ್ದಿರಾ, ಹೇಳಿದ್ದು ಆ ಮಗುವಿಗೆ ತಲುಪಿತಾ, ಇಷ್ಟೇ ನೋಡಿದ್ದು. ಹೊರಗಿನಿಂದ ಬಂದವರಿಗೆ ಈ ಪದ್ಧತಿಯಲ್ಲಿ ಇರುವ ನ್ಯಾಯ ಅದೇ. ನೀವು ಯಾರ ಮಗಳು, ಅಪ್ಪನ ಹತ್ತಿರ ಎಷ್ಟು ಕುದುರೆ ಇತ್ತು ಅಂತ ಯಾರೂ ಕೇಳುವುದಿಲ್ಲ. ಕೈ ಏನು ಮಾಡುತ್ತದೆ ಅಂತ ನೋಡುತ್ತಾರೆ.

ಕೊರತೆ ಇಲ್ಲವೇ? ಇದೆ. ಪಾಠ, ಪರೀಕ್ಷೆ, ಓಡಾಟ ಎಲ್ಲ ಸೇರಿದರೆ ಗ್ರೂಮ್ ಸಂಬಳದಲ್ಲಿ ಬದುಕುವವರಿಗೆ ದೊಡ್ಡ ಮೊತ್ತ, ಬಡವರ ಮನೆ ಮಕ್ಕಳು ಇಲ್ಲೇ ಹಿಂದೆ ಬೀಳುತ್ತಾರೆ. ಮರಿ ಹಾಕಿಸುವುದು, ಎಳೆ ಕುದುರೆ ಪಳಗಿಸುವುದು ಬೇಕಾದವರಿಗೆ ಮೊದಲ ಸ್ಟೇಜ್‌ಗಳಲ್ಲಿ ಸಿಗುವುದು ಕಡಿಮೆ, ಅವರು ಸ್ಟಡ್ ಫಾರ್ಮ್‌ನಲ್ಲಿ ದುಡಿದೇ ಕಲಿಯಬೇಕು. ಇನ್ನು ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲಾಗಿ, ಮಂಡಿವರೆಗೆ ಕೆಸರಿನಲ್ಲಿ, ಹೆಪ್ಪುಗಟ್ಟಿದ ನೀರಿನ ತೊಟ್ಟಿ ಒಡೆಯುತ್ತಾ ನಿಂತಾಗಲೂ ಈ ಕೆಲಸ ಬೇಕು ಅನ್ನಿಸುತ್ತದೆಯಾ ಅಂತ ಯಾವ ಪರೀಕ್ಷೆಯೂ ಅಳೆಯುವುದಿಲ್ಲ. ಅದಕ್ಕೇ ದುಡ್ಡು ಕಟ್ಟುವ ಮೊದಲು ಒಂದು ಚಳಿಗಾಲ ಪೂರ್ತಿ ಎಲ್ಲಾದರೂ ಲಾಯದಲ್ಲಿ ಕೆಲಸ ಮಾಡಿ ನೋಡಿ.

ಬೆಂಗಳೂರಿನಿಂದ ಕೆಲವರು ಇದರ ಬಗ್ಗೆ ಕೇಳುತ್ತಿರುತ್ತಾರೆ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ಗೂ ಹೋದ ಮೇಲೆ ನಮ್ಮೂರಿನಲ್ಲಿ ಸವಾರಿ ಕಲಿಯುವ ಆಸೆ ಕಾಣುತ್ತಿದೆ, ಸಂತೋಷ. ಆದರೆ ನನ್ನ ಮನಸ್ಸಿನಲ್ಲಿರುವುದು ಸವಾರರಲ್ಲ, ಸೈಸ್‌ಗಳು, ಅಂದರೆ ನಮ್ಮ ಲಾಯಗಳಲ್ಲಿ ಕುದುರೆ ನೋಡಿಕೊಳ್ಳುವವರು. ರೇಸ್‌ಕೋರ್ಸ್ ಲಾಯಗಳಲ್ಲಿ, ಕುಣಿಗಲ್ ಸ್ಟಡ್‌ನಂಥ ಕಡೆ ತಂದೆಯಿಂದ ಮಗನಿಗೆ ಬಂದ ಕೆಲಸ ಅದು. ಕುದುರೆ ನಿಂತ ಭಂಗಿಯಲ್ಲೇ ಯಾವ ಕಾಲಿಗೆ ನೋವು ಅಂತ ಹೇಳುವವರು ಅವರಲ್ಲಿದ್ದಾರೆ. ನಾನು ಸ್ಟೇಜ್ 3ಕ್ಕೆ ಓದಿ ಕಲಿತದ್ದನ್ನು ಅವರು ಹತ್ತನೇ ವಯಸ್ಸಿಗೇ ಕಲಿತಿರುತ್ತಾರೆ. ಕೈಯಲ್ಲಿ ಮಾತ್ರ ಒಂದು ಕಾಗದ ಇಲ್ಲ. ಕಾಗದ ಇಲ್ಲದ್ದಕ್ಕೆ ಸಂಬಳ ಏರುವುದಿಲ್ಲ, ಬೇರೆ ಕಡೆ ಕೆಲಸ ಕೇಳಲು ಆಗುವುದಿಲ್ಲ. ಕೈಕೆಲಸ ನೋಡಿ, ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ ಯಾಕೆ ಅಂತ ಕೇಳಿ, ಸರ್ಟಿಫಿಕೇಟ್ ಕೊಡುವಂಥದ್ದು ನಮ್ಮಲ್ಲೂ ಆಗಬೇಕು. ಆಗುತ್ತದೆ ಅಂದರೆ ಪರೀಕ್ಷೆಯ ದಿನ ಕುದುರೆ ಹಿಡಿದು ನಿಲ್ಲಲು ನಾನು ರಜೆ ಹಾಕಿ ಬರುತ್ತೇನೆ.

ಇದೇ ಕೆಲಸಕ್ಕೆ ಅಂತ ಊರಿನಿಂದ ಇಲ್ಲಿಗೆ ಬರಲು ಯೋಚಿಸುವವರಿಗೆ ಒಂದು ಮಾತು. ನಾನು ಬಂದದ್ದು ಯಜಮಾನರ ವೀಸಾ ಜೊತೆ. ಕೆಲಸದ ವೀಸಾ ನಿಯಮಗಳು ಪದೇ ಪದೇ ಬದಲಾಗುತ್ತಿವೆ, ಬ್ರಿಟನ್ ಸರ್ಕಾರದ ಪುಟವನ್ನೇ ನೋಡಿ, ಲಾಯದಲ್ಲಿ ಕೆಲಸ ಕೊಡಿಸುತ್ತೇನೆ ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಅದಕ್ಕಿಂತ ಮೊದಲು ನಿಮ್ಮೂರಿನ ಹತ್ತಿರದ ಸವಾರಿ ಶಾಲೆಗೆ ಹೋಗಿ, ಸವಾರಿ ಆಮೇಲೆ, ಬೆಳಿಗ್ಗೆ ಐದಕ್ಕೆ ಲಾಯದ ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿ. ಸರಿ ಬನ್ನಿ ಅಂದರೆ, ಅಲ್ಲಿನ ಸೈಸ್ ಹೇಳಿದ್ದನ್ನು ಕೇಳಿಸಿಕೊಂಡು ಬರೆದಿಟ್ಟುಕೊಳ್ಳಿ.